ಆರು ರೌಟರಿನ ದನದ ಡಾಕ್ಟರು

ನಮ್ಮ ಓಣಿಗೆ ಇಂಟರ್‌ನೆಟ್ ತಂತಿ ಎಳೆಯಲು ಬಂದಿದ್ದ ಮನುಷ್ಯ ಬಾಗಿಲಲ್ಲಿ ನಿಂತು, “ರೌಟರ್ ಎಲ್ಲಿ ಇಡ್ಲಿರಿ?” ಎಂದು ಕೇಳಿದ. ನನ್ನ ಗಂಡ ಮಂಚದ ಮೇಲಿಂದಲೇ, “ಬಾಜೂ ಮನ್ಯಾಗ ಆರು ಅದಾವ. ಅದರಾಗ ಒಂದು ತೊಗೊಂಬಾ ಹೋಗು” ಅಂದರು. ಅವನು ಗಾಬರಿಯಾಗಿ ಪಕ್ಕದ ಮಾಳಿಗೆ ಕಡೆ ನೋಡಿದ. “ಆರಾ? ಏನ್ ಆಫೀಸ್ ಅದಾ ಅಲ್ಲಿ?” ಕಾಂಪೌಂಡಿನ ಆಚೆಯಿಂದ ಡಾಕ್ಟ್ರು ನಕ್ಕ ಸದ್ದು ಕೇಳಿಸಿತು. ಕೆಮ್ಮು ಬರುವ ತನಕ ನಕ್ಕು, “ಬೇಕಾದ್ರ ಒಂದು ಕೊಡ್ತೀನಪ್ಪ. ನೆಟ್ ಬರಂಗಿಲ್ಲ, ಹೊಟ್ಟು ಬರ್ತದ” ಅಂದರು.

ಆ ಡಾಕ್ಟ್ರು ತೀರಿಕೊಂಡು ಒಂದು ಬೇಸಿಗೆ ಕಳೆಯಿತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ದನದ ಡಾಕ್ಟ್ರು ಅಂದರೆ ಸಾಕಿತ್ತು. ದೇವದುರ್ಗದಲ್ಲಿ, ಮಾನ್ವಿಯಲ್ಲಿ, ಮತ್ತೆ ದೇವದುರ್ಗದಲ್ಲಿ ನೌಕರಿ ಮಾಡಿ, ಅವಧಿಗೆ ಮೊದಲೇ ಬಿಟ್ಟು, ರಾಯಚೂರಿನಲ್ಲಿ ಈ ಸಣ್ಣ ಮನೆ ಕಟ್ಟಿಸಿಕೊಂಡಿದ್ದರು. ಬಹಳ ಎತ್ತರದ ಆಳು. ನಮ್ಮ ಬಾಗಿಲಿಗೆ ಬಂದರೆ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಅವರ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದೆ, ಅವರ ಭುಜದ ತನಕವೂ ಬರುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಹಿತ್ತಲಲ್ಲಿ ತಗಡಿನ ಶೆಡ್ಡು, ಶೆಡ್ಡಿನ ತುಂಬ ಕಟ್ಟಿಗೆ, ಕಟ್ಟಿಗೆ ನಡುವೆ ಆ ಆರು ರೌಟರು.

ರೌಟರ್ ಅಂದರೆ ಕಟ್ಟಿಗೆಯ ಅಂಚು ಗುಂಡಗೆ ಮಾಡುವ, ಉದ್ದಕ್ಕೆ ಗೆರೆ ಕೊರೆಯುವ ಮೋಟರು. ಕೈಯಲ್ಲಿ ಹಿಡಿದೂ ಓಡಿಸಬಹುದು. ಇಲ್ಲವೇ ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದು, ಮೇಜಿನ ತೂತಿನೊಳಗಿಂದ ಅದರ ಬಿಟ್ಟಿನ, ಅಂದರೆ ಕೊರೆಯುವ ಅಲಗಿನ, ಮೂತಿ ಮಾತ್ರ ಮೇಲೆ ಬರುವಂತೆ ಮಾಡಿ, ಕಟ್ಟಿಗೆಯನ್ನೇ ಅದಕ್ಕೆ ತಾಗಿಸಿ ತಳ್ಳಬಹುದು. ಡಾಕ್ಟ್ರು ಮಾಡುತ್ತಿದ್ದುದು ಈ ಎರಡನೆಯದನ್ನು. ಅದಕ್ಕಾಗಿ ನಾಲ್ಕು ಮೇಜು. ಒಂದು ಅಂಗಡಿಯದು, ಎರಡು ಬಡಗಿ ಮೇಸ್ತ್ರಿ ಮಾಡಿಕೊಟ್ಟಿದ್ದು, ಅವಕ್ಕೆ ಎರಡೆರಡು ಮಷಿನ್ನು, ಇನ್ನೊಂದು ಅಕ್ಕನ ಹಳೆಯ ಹೊಲಿಗೆ ಮಷಿನ್ನಿನ ಕಬ್ಬಿಣದ ಸ್ಟ್ಯಾಂಡು. “ಕೇಳದೇ ತೊಗೊಂಡು ಹೋದ್ರು ನೋಡವ್ವ” ಎಂದು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಳು. ಆಕೆ ಆ ಸ್ಟ್ಯಾಂಡಿನ ಮೇಲೆ ಓಣಿಯ ಹೆಂಗಸರಿಗೆಲ್ಲ ಕುಬಸ ಹೊಲಿದವಳು.

ನಾವು ಮಾನ್ವಿ ಬಿಟ್ಟು ಇಲ್ಲಿಗೆ ಬಂದದ್ದು ನನ್ನ ಗಂಡನಿಗೆ ಲಕ್ವಾ ಹೊಡೆದ ಮೇಲೆ. ದೊಡ್ಡ ದವಾಖಾನೆ ಹತ್ತಿರವಿರಲಿ ಅಂತ. ಅವರು ಬಸ್ ಕಂಡಕ್ಟರ್ ಆಗಿದ್ದವರು, ನಾನು ಶಾಲೆಯ ಟೀಚರ್. ಎಡಗೈ ಎಡಗಾಲು ಕೆಲಸ ನಿಲ್ಲಿಸಿದ್ದವು. ಎಬ್ಬಿಸುವುದು, ಕೂಡಿಸುವುದು, ತೊಳೆಯುವುದು, ಮತ್ತೆ ಮಲಗಿಸುವುದು. ಆ ದಿನಗಳಲ್ಲಿ ನನಗೆ ಒಲೆ ಮುಂದೆ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದವು. ಅವರಿಗೆ ಸರಿಯಾಗಿ ನಿದ್ದೆ ಹತ್ತುತ್ತಿದ್ದುದು ಮಧ್ಯಾಹ್ನ ಮಾತ್ರ. ಅದೇ ಹೊತ್ತಿಗೆ ಗೋಡೆಯಾಚೆ ಮಷಿನ್ನು ಕಿರಿಚಲು ಸುರುವಾಗುತ್ತಿತ್ತು.

ಒಂದು ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ಹೋದೆ. “ಡಾಕ್ಟ್ರೆ, ನೀವು ಮಷಿನ್ ಬಂದ್ ಮಾಡ್ತೀರೋ, ನಾವೇ ಮನಿ ಬಿಡಬೇಕೋ?”

ಅವರು ಬಟನ್ ಒತ್ತಿ ನಿಲ್ಲಿಸಿ, ಕಿವಿಯೊಳಗಿನ ಹತ್ತಿ ತೆಗೆದು, “ಏನಂದ್ರಿ?” ಅಂದರು. ಹುಬ್ಬಿನ ಮೇಲೆಲ್ಲ ಕಟ್ಟಿಗೆ ಪುಡಿ. ಜಗಳದ ಮಾತನ್ನು ಎರಡನೇ ಸಲ ಹೇಳುವುದು ಕಷ್ಟ. ನಾನು ಹೇಳುವಷ್ಟರಲ್ಲಿ ಅವರೇ, “ಮನ್ಯಾಗ ಯಾರಿಗೆ ಆರಾಮಿಲ್ಲ?” ಎಂದು ಕೇಳಿದರು.

“ನಿಮಗ ಹೆಂಗ ಗೊತ್ತು?”

“ನಿಮ್ಮ ಕಣ್ಣು ನೋಡಿದ್ರ ತಿಳೀತದ. ಯಾರೋ ಮಲಗ್ಯಾರ, ನೀವು ಮಲಗಿಲ್ಲ.”

ನನಗೆ ಅಳು ಬಂದುಬಿಟ್ಟಿತು. ಅವರು ಕಟ್ಟಿಗೆ ಹೊಟ್ಟು ಜಾಡಿಸಿ ಒಂದು ಸ್ಟೂಲು ಕೊಟ್ಟು, ನಾನು ಅತ್ತು ಮುಗಿಸುವ ತನಕ ಬೇರೆ ಕಡೆ ನೋಡುತ್ತಾ ನಿಂತರು. ಆಮೇಲೆ ಒಂದು ಕರಾರು ಮಾಡಿಕೊಂಡೆವು. ನನ್ನ ಗಂಡ ಮಲಗಿದಾಗ ನಾನು ಕಾಂಪೌಂಡಿನ ಮೇಲೆ ಟವೆಲ್ ಹಾಕಬೇಕು. ಟವೆಲ್ ಇರುವ ತನಕ ಮಷಿನ್ನು ಬಂದ್. ಒಂದು ಸಲ ಟವೆಲ್ ತೆಗೆಯುವುದನ್ನು ಮರೆತು, ಗಂಡನನ್ನೂ ಕರೆದುಕೊಂಡು ಮಾನ್ವಿಗೆ ತಮ್ಮನ ಮನೆ ಕಾರ್ಯಕ್ಕೆ ಹೋಗಿಬಿಟ್ಟೆ. ತಿರುಗಿ ಬಂದಾಗ ಅಕ್ಕ, “ಮನ್ಯಾಗ ಯಾರೂ ಇಲ್ಲ, ಕೀಲಿ ಹಾಕ್ಯಾರ ಅಂತ ಹೇಳಿದ್ರೂ ಕೇಳಲಿಲ್ಲವ್ವ. ಟಾವೆಲ್ ಅದ ಅಂತ ಸುಮ್ಮನ ಕುಂತಿದ್ರು” ಅಂದಳು.

ಅವರು ನನ್ನ ಗಂಡನನ್ನು ನೋಡಲು ಬಂದ ಮೊದಲ ದಿನ ಬಾಗಿಲಲ್ಲೇ ನಿಂತು, “ಅರೆ! ಕುರಿಮರಿಗೆ ಟಿಕೀಟು ಹರದ ಮನಷ್ಯ!” ಅಂದರು. ನನ್ನ ಗಂಡ ಕಣ್ಣು ಕಿರಿದು ಮಾಡಿ ನೋಡಿ, “ನೀವಾ? ಔಷಧದ ಡಬ್ಬಿ, ಕಂಕುಳಾಗ ಮರಿ!” ಅಂದರು. ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸು. ಡಾಕ್ಟ್ರು ಕಾಲು ಮುರಿದ ಮರಿಯೊಂದನ್ನು ಎತ್ತಿಕೊಂಡು ಹತ್ತಿದ್ದರಂತೆ. ಮರಿಗೂ ಟಿಕೀಟು ಬೇಕೆಂದು ಇವರು, ಪೇಷಂಟಿಗೆ ಟಿಕೀಟಿಲ್ಲ ಎಂದು ಅವರು. ಬಸ್ಸಿನವರೆಲ್ಲ ಎರಡು ಪಾರ್ಟಿಯಾಗಿ ವಾದ ಮಾಡಿದರಂತೆ. ಲಕ್ವಾ ಹೊಡೆದ ಮೇಲೆ ನನ್ನ ಗಂಡ ಬಾಯ್ತುಂಬ ನಕ್ಕಿದ್ದು ಅವತ್ತೇ ಮೊದಲು. ಒಂದೇ ಕಡೆ ತುಟಿ ಮೇಲೆ ಹೋಗುತ್ತಿತ್ತು, ಆದರೂ ಅದು ನಗುವೇ.

ಡಾಕ್ಟ್ರ ಬಾಯಲ್ಲಿ ಯಾವಾಗಲೂ ಇದ್ದ ಮಾತು “ಸಾಕಾಗೇದ್ರಿ”. ಅದನ್ನು ಅಂದವರೇ ಎದ್ದು ಮುಂದಿನ ಕೆಲಸಕ್ಕೆ ಹೋಗುವರು. ನೌಕರಿ ಬಿಟ್ಟರೂ ದೇವದುರ್ಗದ ಕಡೆಯ ಕುರಿ ಕಾಯುವವರ ಫೋನು ನಿಂತಿರಲಿಲ್ಲ. “ಸಾಕಾಗೇದಪ್ಪ, ಈಗಿನ ಡಾಕ್ಟ್ರನ್ನ ಕೇಳು” ಅನ್ನುವರು. ಅಂದ ಮರುಗಳಿಗೆಗೇ, “ಫೋನು ಕುರಿ ಮೂಗಿನ ಹತ್ರ ಹಿಡಿ” ಅನ್ನುವರು. ಕಣ್ಣು ಮುಚ್ಚಿ ಅದರ ಉಸಿರು ಕೇಳುವರು. ಚೀಕಲಪರ್ವಿಯ ಒಬ್ಬ ರೈತ ತನ್ನ ಎಮ್ಮೆಯ ಉಸಿರು ಕೇಳಿಸಲು ಹೋದಾಗ ಎಮ್ಮೆ ಫೋನನ್ನೇ ನೆಕ್ಕಿಬಿಟ್ಟಿತ್ತು. “ನಾಲಿಗಿ ಆಡ್ತದಂದ್ರ ಉಳೀತದ ಬಿಡು” ಅಂದರು ಡಾಕ್ಟ್ರು. ಉಳಿಯಿತಂತೆ.

ಆರು ಮಷಿನ್ ಯಾಕೆಂದು ಯಾರು ಕೇಳಿದರೂ ಒಬ್ಬೊಬ್ಬರಿಗೆ ಒಂದೊಂದು ಜವಾಬು. ಅಕ್ಕನಿಗೆ, “ಹಳೇದು ಕೆಟ್ಟದ”. ಮೇಸ್ತ್ರಿಗೆ, “ಹೊಸದು ಸದ್ದು ಕಡಿಮಿ ಮಾಡ್ತದ”. ನನ್ನ ಗಂಡನಿಗೆ, “ನೀವು ಒಂದೇ ಬಸ್ಸಿನ್ಯಾಗ ಎಲ್ಲಾ ಊರಿಗೂ ಹೋಗ್ತಿದ್ರೇನು?” ಓಣಿಯವರ ಪಾಲಿಗೆ ಅದು ಪೆನ್ಷನ್ ಬರುವವರ ಹುಚ್ಚು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಮುಂಜಾನೆ ಪುಂಡಿ ಪಲ್ಯ ಕೊಡಲು ಹೋದೆ. ಅಕ್ಕ ಸಂತೆಗೆ ಹೋಗಿದ್ದಳು. ಡಾಕ್ಟ್ರು ಶೆಡ್ಡಿನ ನೆಲದಲ್ಲಿ ಕಾಲು ಚಾಚಿ ಕೂತು, ಒಂದು ಮಷಿನ್ನನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಬಿಟ್ ಬದಲಿಸಲು ಎರಡು ಪಾನಾ ಬೇಕು. ಒಂದರಿಂದ ಹಿಡಿಯಬೇಕು, ಇನ್ನೊಂದರಿಂದ ನಟ್ಟು ತಿರುಗಿಸಬೇಕು. ಅವರ ಬಲಗೈ ನಡುಗುತ್ತಿತ್ತು. ಚಳಿ ಹತ್ತಿದವರ ನಡುಕವಲ್ಲ, ಒಂದೇ ಸಮನೆ ಯಾರೋ ಒಳಗೆ ಕೂತು ಅಲುಗಿಸಿದ ಹಾಗೆ. ಪಾನಾ ನಟ್ಟಿಗೆ ಕೂಡುತ್ತಲೇ ಇರಲಿಲ್ಲ. ಕೂತಂತೆ ಮಾಡಿ ಜಾರಿತು. ಗೆಣ್ಣು ಸುಲಿದು ರಕ್ತ ಬಂತು.

ನನ್ನನ್ನು ನೋಡಿ ಪಾನಾ ಕೆಳಗಿಟ್ಟರು.

“ನೋಡಿಬಿಟ್ರಿ” ಅಂದರು. “ಈ ಕೈ ಹಿಂಗಾಗಿ ಭಾಳ ದಿನ ಆತ್ರಿ. ಸೂಜಿ ಚುಚ್ಚಾಕ ಬರದಂಗ ಆತು. ಆಕಳು ಪಾಪ ಸುಮ್ಮನ ನಿಂತಿರ್ತಿತ್ತು, ನನ್ನ ಕೈ ನಿಲ್ತಿರಲಿಲ್ಲ. ಅವತ್ತೇ ನೌಕರಿ ಬಿಡಾಕ ಅರ್ಜಿ ಬರದೆ.”

“ಮತ್ತ ಈ ಕೆಲಸ?”

“ಅದಕ್ಕೇ ಆರು. ಬಿಟ್ ಬದಲ ಮಾಡೋದು ನನ್ನ ಕೈಲೆ ಆಗಂಗಿಲ್ಲ. ಒಂದೊಂದು ಬಿಟ್ಟಿಗೆ ಒಂದೊಂದು ಮಷಿನ್. ಮೇಸ್ತ್ರಿ ಬಂದಾಗ ಬರೋಬರಿ ಬಿಗಿದು ಹೋಗ್ತಾನ. ನಾ ಕಟ್ಟಿಗಿ ತಳ್ಳೋದಷ್ಟೇ. ಎರಡೂ ಅಂಗೈ ಒತ್ತಿ ತಳ್ಳಬೇಕಾದ್ರ ಕೈ ನಡುಗಂಗಿಲ್ಲ ನೋಡ್ರಿ. ದಿನದಾಗ ಅಷ್ಟೊತ್ತು ಮಾತ್ರ ಈ ಕೈ ನನ್ನ ಮಾತು ಕೇಳ್ತದ.” ಸ್ವಲ್ಪ ತಡೆದು, “ಆಕಿಗೆ ಹೇಳಬ್ಯಾಡ್ರಿ. ಫಿಕರ್ ಮಾಡ್ತಾಳ” ಅಂದರು.

ನಾನು ಹೇಳಲಿಲ್ಲ. ಆದರೆ ಆಮೇಲೆ ಒಂದು ಸಂಗತಿ ಗಮನಿಸಿದೆ. ಅಕ್ಕ ನಮಗೆಲ್ಲ ಸಣ್ಣ ಕಪ್ಪಿನ ತುಂಬ ಚಹಾ ಕೊಡುತ್ತಿದ್ದಳು. ಅವರಿಗೆ ಮಾತ್ರ ದೊಡ್ಡ ಸ್ಟೀಲಿನ ಲೋಟದಲ್ಲಿ ಅರ್ಧ.

ನಮ್ಮ ಮನೆಗೆ ಹಿಡಿಕೆ ಮಾಡುವ ಮಾತು ತೆಗೆದವರು ಅವರೇ. ಮಂಚದಿಂದ ಬಚ್ಚಲದ ತನಕ ಗೋಡೆಗುಂಟ ಉದ್ದನೆಯ ಕಟ್ಟಿಗೆ ಹಿಡಿಕೆ. ಗುಂಜಹಳ್ಳಿಯಲ್ಲಿ ಯಾರದೋ ಹಳೆಯ ಮನೆ ಕೆಡವಿದಾಗ ತಂದಿಟ್ಟಿದ್ದ ಸಾಗವಾನಿ ಇತ್ತು. ನನ್ನ ಗಂಡ ಖಡಾಖಂಡಿತ ಬೇಡವೆಂದರು.

“ಆ ದೇವದುರ್ಗದ ರಸ್ತ್ಯಾಗ, ಆ ತೆಗ್ಗಿನ್ಯಾಗ, ಏನೂ ಹಿಡೀದಂಗ ನಿಂತು ಟಿಕೀಟು ಹರದೀನಿ ನಾ. ಈಗ ಮನ್ಯಾಗ ಹಿಡಿಕಿ ಹಿಡಕೊಂಡು ಓಡಾಡ್ಲೇನು?”

“ಅವತ್ತು ಬಸ್ಸು ಅಲಗಾಡ್ತಿತ್ತು, ನೀವು ಗಟ್ಟಿ ಇದ್ರಿ,” ಅಂದರು ಡಾಕ್ಟ್ರು. “ಇವತ್ತು ಮನಿ ಗಟ್ಟಿ ಅದ.”

ಡಾಕ್ಟ್ರು ಟೇಪು ತೆಗೆದು ನನ್ನ ಕೈಗೆ ಕೊಟ್ಟು ಅಳತೆ ಹೇಳಿಸಿಕೊಂಡರು. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿ ಹಿಡಿಕೆ ಬರಬೇಕಂತೆ. ಒಂದು ಮಷಿನ್ನಿನಲ್ಲಿ ಮೇಲಿನ ಅಂಚು ಗುಂಡಗೆ, ಇನ್ನೊಂದರಲ್ಲಿ ಹಿಂದೆ ಬೆರಳು ಕೂಡಲು ಗೆರೆ, ಮತ್ತೊಂದರಲ್ಲಿ ತುದಿಯ ಮೂಲೆ ಮುರಿಯುವುದು. ಗೋಡೆಗೆ ಹಚ್ಚಿದ ದಿನ ನನ್ನ ಗಂಡ ಅದರ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನ ನಾನು ಅಡುಗೆಮನೆಯಲ್ಲಿದ್ದಾಗ ಕಾಲೆಳೆಯುವ ಸಪ್ಪಳ ಕೇಳಿಸಿತು. ಇಣುಕಿ ನೋಡಿದೆ. ಬಲಗೈಯಿಂದ ಹಿಡಿಕೆ ಹಿಡಿದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾ, ಒಬ್ಬರೇ ಬಚ್ಚಲಿಗೆ ಹೋಗುತ್ತಿದ್ದರು. ನಾನು ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ಎಷ್ಟೋ ತಿಂಗಳ ಮೇಲೆ ನನ್ನ ಬೆನ್ನು ಹಗುರಾಯಿತು.

ಅಲ್ಲಿಂದ ಓಣಿಯಲ್ಲಿ ಮನೆಮನೆಗೂ ಹಿಡಿಕೆ. ಮಂಡಿ ನೋವಿನವರು, ಕಣ್ಣು ಕಾಣದವರು, ಹೆರಿಗೆಯಾಗಿ ತವರಿಗೆ ಬಂದವರು. ನನ್ನ ಗಂಡನೂ ಶೆಡ್ಡಿಗೆ ಹೋಗತೊಡಗಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಡಾಕ್ಟ್ರ ಕೆಲಸಕ್ಕೆ ಕೊಂಕು ತೆಗೆಯುವುದು ಅವರ ನೌಕರಿ. ಯಾವಾಗಲಾದರೂ ಬಿಟ್ ಸಡಿಲಾದರೆ ಇವರ ಬಲಗೈ ಪಾನಾ ಹಿಡಿಯುತ್ತಿತ್ತು. ಕಂಡಕ್ಟರನ ಕೈ, ಅಲುಗುತ್ತಿರಲಿಲ್ಲ. ಡಾಕ್ಟ್ರು ಇನ್ನೊಂದು ಪಾನಾದ ಮೇಲೆ ಎರಡೂ ಕೈ ಹೇರಿ ಮೈಭಾರ ಹಾಕುತ್ತಿದ್ದರು.

“ಇಬ್ಬರೂ ಕೂಡಿ ಒಂದು ಆಳು ಆಗ್ತೀವಿ ನೋಡ್ರಿ,” ಅಂದರು ಒಂದು ದಿನ.

“ಅದೂ ಅರ್ಧ ಟಿಕೀಟಿನ ಆಳು,” ಅಂದರು ನನ್ನ ಗಂಡ.

ಡಾಕ್ಟ್ರ ಸ್ವಂತ ಮನೆಯಲ್ಲಿ ಮಾತ್ರ ಹಿಡಿಕೆ ಇರಲಿಲ್ಲ. ಕೇಳಿದರೆ, “ಹಚ್ಚಿದ್ರ ಆಕಿ ಯಾಕಂತ ಕೇಳ್ತಾಳ” ಅನ್ನುವರು.

ಅವರು ಬಿದ್ದದ್ದು ತಮ್ಮ ಬಚ್ಚಲದಲ್ಲೇ. ಅಕ್ಕನ ಕೂಗು ಕೇಳಿ ಓಡಿದೆ. ಅಷ್ಟು ಎತ್ತರದ ಮನುಷ್ಯ ಅಷ್ಟು ಸಣ್ಣ ಬಚ್ಚಲದಲ್ಲಿ ಮಡಿಚಿಕೊಂಡು ಬಿದ್ದಿದ್ದರು. ಸೊಂಟದ ಕೀಲು ಮುರಿದಿತ್ತು. ಆಪರೇಷನ್ ಆಯಿತು, ಒಳಗೆ ಪಟ್ಟಿ ಹಾಕಿದರು. ಮನೆಗೆ ಬಂದ ಮೇಲೆ ಮೇಸ್ತ್ರಿಯನ್ನು ಕರೆಸಿ, “ಶೆಡ್ಡಿನ ಬಾಗಿಲ ಹಿಂದ ಗೋಣಿ ಸುತ್ತಿಟ್ಟೀನಿ, ತಗಿ” ಅಂದರು.

ಅದು ಹಿಡಿಕೆ. ಅವರ ಮನೆಗೆಂದು ಯಾವಾಗಲೋ ಮಾಡಿಟ್ಟದ್ದು. ಮೇಸ್ತ್ರಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. “ಸರ್, ಭಾಳ ಸಣ್ಣ ಆತ್ರಿ. ನಿಮ್ಮ ಕೈಗೆ ಹಿಡಿತ ಸಿಗಂಗಿಲ್ಲ.”

“ನೀ ಹಚ್ಚು. ಗ್ವಾಡಿ ಮ್ಯಾಲ ಪೆನ್ಸಿಲ್ ಗುರ್ತು ಅದ ನೋಡು.”

ಗುರುತು ಬಹಳ ಕೆಳಗಿತ್ತು. ಅದನ್ನು ಹಿಡಿಯಬೇಕಾದರೆ ಡಾಕ್ಟ್ರು ನಡು ಬಗ್ಗಿಸಬೇಕು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಡಾಕ್ಟ್ರ ಮುಖ ನೋಡಿದೆ.

“ನನ್ನ ಸಲುವಾಗಿ ಅಲ್ಲಪ್ಪ ಅದು,” ಅಂದರು. “ಆಕಿ ಸಲುವಾಗಿ.”

ಅಕ್ಕ ಅರ್ಧ ಲೋಟ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ನನಗೇನಾಗೇದ?” ಅಂದಳು. “ಬಿದ್ದವ್ರು ಯಾರು? ನಾನಾ?”

“ನಾ ಎಷ್ಟು ದಿನ ಇರ್ತೀನಿ? ನಾಳಿ ನಿನ್ನ ಹಿಡಿಯಾಕ ಯಾರದಾರ?”

“ಹಂಗಂತ ನೀವು ಬೀಳಬೇಕೇನು?” ಅಕ್ಕನ ದನಿ ಏರಲಿಲ್ಲ. ದಣಿದ ಹೆಂಗಸಿನ ದನಿ ಅದು, ನನಗೆ ಚೆನ್ನಾಗಿ ಗೊತ್ತು. “ನಿಮ್ಮ ಕೈ ನಡುಗೋದು ನನಗ ಗೊತ್ತಿಲ್ಲ ಅಂತ ತಿಳಕೊಂಡೀರೇನು? ಅಂಗಿ ಗುಂಡಿ ತಗದು ಯಾಕ ಚಿಟಿಕಿ ಗುಂಡಿ ಹಚ್ಚೀನಿ? ಚಹಾ ಯಾಕ ಅರ್ಧ ಹಾಕ್ತೀನಿ? ನೀವು ಹೇಳ್ತೀರಿ ಹೇಳ್ತೀರಿ ಅಂತ ನಾ ಸುಮ್ಮನಿದ್ದೆ. ನಿಮ್ಮ ಬಾಯಿಲೇ ಬರಲಿಲ್ಲ.”

ಡಾಕ್ಟ್ರು ಮಾಳಿಗೆ ನೋಡುತ್ತಾ ಮಲಗಿದ್ದರು. ಕೈ ಹಾಸಿಗೆಯ ಮೇಲೆ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು. ಅಕ್ಕ ಹೋಗಿ ಅದರ ಮೇಲೆ ಕೈ ಇಟ್ಟಳು. ನಮ್ಮ ಮುಂದೆ ಆಕೆ ಅವರನ್ನು ಮುಟ್ಟಿದ್ದು ನಾನು ಅದೇ ಮೊದಲು ನೋಡಿದ್ದು. ಹಾಗೇ ಮೇಸ್ತ್ರಿ ಕಡೆ ತಿರುಗಿ, “ಇದು ಹಚ್ಚಪ್ಪ. ಇದರ ಮ್ಯಾಲ ಇನ್ನೊಂದು ಹಚ್ಚು. ಅವರ ಎತ್ತರಕ್ಕ, ಅವರ ಕೈ ಅಳತಿಗೆ” ಅಂದಳು.

ಮೇಸ್ತ್ರಿಗೆ ಮಾನ್ವಿಯಲ್ಲಿ ರೈಸ್‌ಮಿಲ್ಲಿನವರ ಮನೆಯ ಕೆಲಸ ಹಿಡಿದಿತ್ತು. ಕಟ್ಟಿಗೆ ಸೀಳಿ ಕೊಟ್ಟು, ಮೊದಲನೆಯದನ್ನು ಹಚ್ಚಿ, ಉಳಿದದ್ದಕ್ಕೆ ಮುಂದಿನ ವಾರ ಬರುತ್ತೇನೆಂದು ಹೋದ. ಮುಂದಿನ ವಾರದ ತನಕ ಡಾಕ್ಟ್ರು ಬಚ್ಚಲಿಗೆ ಹೇಗೆ ಹೋಗಬೇಕು? “ನಾನೇ ಮಾಡ್ತೀನಿ ತೊಗೋ” ಅಂದಳು ಅಕ್ಕ. ಆ ಶೆಡ್ಡಿಗೆ ಕಸ ಗುಡಿಸಲೂ ಕಾಲಿಡದಿದ್ದವಳು.

ಡಾಕ್ಟ್ರನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ನಾನೂ ಅಕ್ಕನೂ ಎತ್ತಿ, ಇಳಿಸಿ, ಮತ್ತೆ ಎತ್ತಿ ಶೆಡ್ಡಿಗೆ ಒಯ್ದೆವು. ದಪ್ಪ ಕಟ್ಟಿಗೆಗೆ ದೊಡ್ಡ ಬಿಟ್ ಬೇಕಿತ್ತು. ನನ್ನ ಗಂಡ ಒಂದು ಪಾನಾ ಹಿಡಿದರು, ಅಕ್ಕ ಇನ್ನೊಂದರಿಂದ ನಟ್ಟು ತಿರುಗಿಸಿದಳು. ಡಾಕ್ಟ್ರು ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಬಾಯಿಂದಲೇ ಕೆಲಸ ಮಾಡಿದರು. “ಬಲಗಡಿಯಿಂದ ಎಡಕ್ಕ ತಳ್ಳು. ಜಲ್ದಿ ಬ್ಯಾಡ. ನಿಂದ್ರಿಸಲೂ ಬ್ಯಾಡ, ನಿಂತ್ರ ಸುಡ್ತದ. ಬೆರಳು ದೂರ ಇಡು, ಬೆರಳು!”

ಅಕ್ಕ ಸೆರಗು ಬಿಗಿದು ಬಟನ್ ಒತ್ತಿದಳು. ಮಷಿನ್ನು ಕಿರಿಚಿದಾಗ ಒಮ್ಮೆ ಬೆಚ್ಚಿದಳು. ಆಮೇಲೆ ಬೆಚ್ಚಲಿಲ್ಲ. ಸೂಜಿ ಕೆಳಗೆ ಬಟ್ಟೆ ಸರಿಸುವ ಹಾಗೆ ಕಟ್ಟಿಗೆ ಸರಿಸಿದಳು, ಒಂದೇ ಹದದಲ್ಲಿ. ಡಾಕ್ಟ್ರು ಹೇಳುವುದನ್ನು ನಿಲ್ಲಿಸಿ ನೋಡುತ್ತಾ ಕೂತರು. ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. “ಬಟನ್ ಬಂದ್ ಮಾಡು, ಕಟ್ಟಿಗಿ ಹಿಂದಕ್ಕ ತೊಗೋ” ಎಂದು ಕೂಗಿದರು. ಕರೆಂಟು ಬರುವ ತನಕ ನಾಲ್ವರೂ ತಗಡಿನ ಬಿಸಿಯಲ್ಲಿ ಬೆವರುತ್ತಾ ಕೂತೆವು. ನಾಲ್ವರಿಗೂ ಸಾಕಾಗಿತ್ತು. ಆದರೆ ಯಾರೂ ಏಳಲಿಲ್ಲ.

ಕರೆಂಟು ಬಂತು, ಕೆಲಸ ಮುಗಿಯಿತು. ಕಟ್ಟಿಗೆ ನಿಂತಿದ್ದ ಜಾಗದಲ್ಲಿ ಸುಟ್ಟ ಕಲೆಯ ಒಂದು ಸಣ್ಣ ತಗ್ಗು ಉಳಿದಿತ್ತು. ಅಕ್ಕ ಅದರ ಮೇಲೆ ಬೆರಳಾಡಿಸಿ, “ಇದು ಹೋಗಂಗಿಲ್ಲೇನ್ರಿ?” ಅಂದಳು.

“ಇರ್ಲಿ,” ಅಂದರು ಡಾಕ್ಟ್ರು. “ಹೆಬ್ಬೆಟ್ಟು ಇಡಾಕ ಜಾಗ ಆತು.”

ನಾನೂ ಅಕ್ಕನೂ ಸೇರಿ ಅದನ್ನು ಗೋಡೆಗೆ ಬಿಗಿದೆವು. ಮೇಲೊಂದು ಕೆಳಗೊಂದು, ಎರಡು ಹಿಡಿಕೆ. ಡಾಕ್ಟ್ರು ಅದನ್ನು ಹಿಡಿದು ನಿಂತರು, ನಡೆದರು, ಅಂಗಳದ ತನಕವೂ ಬಂದರು. ಶೆಡ್ಡಿನ ಕಡೆ ಮಾತ್ರ ಮತ್ತೆ ಹೋಗಲಿಲ್ಲ. “ಸಾಕಾಗೇದ್ರಿ” ಅಂದರು. ಈ ಸಲ ಅದನ್ನಂದು ಎದ್ದು ಹೋಗಲಿಲ್ಲ, ಕೂತೇ ಇದ್ದರು. ನನ್ನ ಗಂಡ ದಿನಾ ಹೋಗಿ ಎದುರಿಗೆ ಕೂಡುತ್ತಿದ್ದರು. ಶ್ರಾವಣದ ಒಂದು ಮುಂಜಾನೆ ಅಕ್ಕ ಅರ್ಧ ಲೋಟ ಚಹಾ ಒಯ್ದಾಗ ಅವರು ಏಳಲಿಲ್ಲ.

ಅವರನ್ನು ಮಣ್ಣು ಮಾಡುವ ದಿನ ದೇವದುರ್ಗದ ಕಡೆಯಿಂದ ಕಂಬಳಿ ಹೆಗಲಿನ ಕುರಿ ಕಾಯುವ ಮಂದಿ ಟೆಂಪೋ ತುಂಬ ಬಂದಿದ್ದರು. ಕಟ್ಟಿಗೆ ಕೆಲಸದ ಸಂಗತಿ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ಮಷಿನ್ನುಗಳನ್ನು ಮೇಸ್ತ್ರಿಗೆ ಕೊಟ್ಟಳು. ಅವನು ದೇವದುರ್ಗದಲ್ಲಿ ಸ್ವಂತ ಅಂಗಡಿ ಹಾಕುವವನಿದ್ದ. ಗಾಡಿ ತಂದು ಮೇಜು, ಮೋಟರು ಎಲ್ಲ ಹೇರಿದ. ಹೊಲಿಗೆ ಸ್ಟ್ಯಾಂಡು ಬಿಚ್ಚಿ ಒಳಗೆ ತಂದಿಟ್ಟ. ಹೊರಡುವ ಮುಂಚೆ ಒಳಗಿನ ಗೋಡೆ ಕಡೆ ನೋಡಿ, “ಅಮ್ಮಾರೆ, ಹೆಂಗೂ ಸುಣ್ಣ ಹೊಡಸ್ತೀನಿ ಅಂದ್ರಿ. ಮ್ಯಾಲಿನ ಹಿಡಿಕಿ ಈಗ ಬೇಕಾಗಂಗಿಲ್ಲ, ಬಿಚ್ಚಿ ಕೊಡ್ಲೇನ್ರಿ?” ಎಂದು ಕೇಳಿದ.

ಅಕ್ಕ ಕೆಳಗಿನ ಹಿಡಿಕೆ ಹಿಡಿದು ನಿಂತಿದ್ದಳು. ಮೇಲಿನದರ ಕಡೆ ನೋಡಲೂ ಇಲ್ಲ.

“ಇರ್ಲಿ ಬಿಡಪ್ಪ,” ಅಂದಳು. “ಕಿತ್ರ ಗ್ವಾಡಿ ತುಂಬ ತೂತು ಬೀಳ್ತಾವ.”